ಇನ್ನೊಬ್ಬನ ಬಿಲ್ಲೆ

ಅಬುಧಾಬಿಯಿಂದ ದುಬೈಗೆ ಹೋಗುವ ಬಸ್ಸಿನಲ್ಲಿ ಕ್ಯಾಮಿಲಸನಿಗೆ ಸಿಕ್ಕಿದ್ದು ಎಸಿಯ ಕಿಂಡಿ ಮುರಿದ ಸೀಟು. ಗಾಳಿ ನೇರವಾಗಿ ಕುತ್ತಿಗೆಗೇ ಬಡಿಯುತ್ತಿತ್ತು. ಟೂರಿಸ್ಟ್ ಕ್ಲಬ್ ಏರಿಯಾದ ಹದಿನಾಲ್ಕು ಮಹಡಿಯ ಕಟ್ಟಡವೊಂದರ ಎಸಿಗಳನ್ನೆಲ್ಲ ನೋಡಿಕೊಳ್ಳುವ ಮನುಷ್ಯನಿಗೆ ಒಂದು ಕಿಂಡಿ ದೊಡ್ಡ ಮಾತೇ? ಜೇಬಿನಲ್ಲಿದ್ದ ಹಳೆಯ ಔಷಧಿ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಸಂದಿಗೆ ತುರುಕಲೆಂದು ಎದ್ದು ನಿಂತ. ಡ್ರೈವರ್ ಕನ್ನಡಿಯಲ್ಲಿ ನೋಡಿ, "ಏ ಸಾಬ್, ಬೈಠೋ! ಹಾಥ್ ಮತ್ ಲಗಾವೋ!" ಎಂದು ಕೂಗಿದ. ಇಡೀ ಬಸ್ಸು ತಿರುಗಿ ನೋಡಿತು. ಕ್ಯಾಮಿಲಸ್ ಕಳವು ಮಾಡುವಾಗ ಸಿಕ್ಕಿಬಿದ್ದವನ ಹಾಗೆ ತಟ್ಟನೆ ಕುಳಿತುಬಿಟ್ಟ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಅವನಿಗೆ ಎರಡು ವರ್ಷದಿಂದ ಅಭ್ಯಾಸವಾಗಿಹೋಗಿತ್ತು. ತೊಡೆಯ ಮೇಲೆ ಅಪೊಲೊನಿಯಾ ಕಟ್ಟಿಕೊಟ್ಟ ಕೊಬ್ಬರಿ ಬರ್ಫಿಯ ಡಬ್ಬಿ, ಅಂಗಿಯ ಜೇಬಿನಲ್ಲಿ ಅವಳೇ ಹುಡುಕಿ ಸಿಕ್ಕಿಸಿದ ಪೆನ್ನು. "ಸೈನ್ ಮಾಡ್ಲಿಕ್ಕೆ ಹೋಗುವವರು ಅವರ ಮನೆಯ ಪೆನ್ನು ಕೇಳ್ಬೇಡಿ, ನಾಚಿಕೆ," ಎಂದಿದ್ದಳು ಹೆಂಡತಿ. ಸಹಿ ಯಾವುದಕ್ಕೆ ಎಂದು ಅವಳಿಗೆ ಗೊತ್ತಿತ್ತು. ಸಹಿಯ ಹಿಂದೆ ಏನಿದೆ ಎಂದು ಗೊತ್ತಿರಲಿಲ್ಲ. ಅದು ಕ್ಯಾಮಿಲಸನನ್ನು ಬಿಟ್ಟು ಈ ಲೋಕದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮಂಗಳವಾರ, ಹಿಂದೆ ಜೊತೆಗೆ ಕೆಲಸ ಮಾಡುತ್ತಿದ್ದ ತೌಫೀಕ್ ಫೋನ್ ಮಾಡಿದ್ದ. ದುಬೈಯ ಒಂದು ದೊಡ್ಡ ಅಡುಗೆಮನೆಯಲ್ಲಿ ಸೂಪರ್‌ವೈಸರ್ ಕೆಲಸ ಹೆಚ್ಚುಕಡಿಮೆ ಆಗಿದೆಯಂತೆ. ಆದರೆ ಹಳೆಯ ಕಂಪನಿಯ ವರದಿಯನ್ನು ಇವರು ತರಿಸಿ ಓದಿದ್ದಾರೆ. ಅದರಲ್ಲಿ ತೌಫೀಕ್ ಸುರಕ್ಷತೆಯ ನಿಯಮ ಮರೆತು ಅಪಘಾತಕ್ಕೆ ತಾನೇ ಕಾರಣನಾದ ಎಂದಿದೆ. ಜೊತೆಗೆ ಕೆಲಸ ಮಾಡಿದ ಹಿರಿಯರೊಬ್ಬರು 'ಈತ ಸಾಮಾನ್ಯವಾಗಿ ಜಾಗರೂಕ ಮನುಷ್ಯ' ಎಂದು ಬರೆದುಕೊಟ್ಟರೆ ನೋಡೋಣ ಎಂದಿದ್ದಾರೆ. "ನಾನೇ ಟೈಪ್ ಮಾಡ್ಸಿ ಇಟ್ಟಿದ್ದೇನೆ, ಅಣ್ಣ. ನೀವು ಬಂದು ಸೈನ್ ಮಾಡಿದ್ರೆ ಸಾಕು. ಊಟ ಇಲ್ಲಿಯೇ. ಮಿಸ್ರಿಯಾ ನೀವು ಬರ್ಲೇಬೇಕು ಅಂತ ಹೇಳಿದ್ದಾಳೆ," ಎಂದು ಹೆಂಡತಿಯ ಹೆಸರನ್ನೂ ಸೇರಿಸಿದ. ಕಾಗದದಲ್ಲಿ ಏನಿದೆ ಎಂದು ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಓದಿ ಹೇಳಿದ: ಹೊರಗೆ ಹೋಗುವಾಗ ಒಂದು ಸಲ ತನ್ನ ಹೆಸರಿನ ಬಿಲ್ಲೆ ತಿರುಗಿಸಲು ಮರೆತದ್ದೊಂದು ಬಿಟ್ಟರೆ, ಹದಿಮೂರು ತಿಂಗಳಲ್ಲಿ ಶ್ರೀ ತೌಫೀಕ್ ಅವರಿಂದ ಯಾವ ದೊಡ್ಡ ತಪ್ಪೂ ಆದದ್ದನ್ನು ನಾನು ಕಂಡಿಲ್ಲ. "ಸರಿ ಉಂಟಲ್ಲ?" ಎಂದು ಕೇಳಿದ. ಕ್ಯಾಮಿಲಸ್ ಕಟ್ಟಡದ ಎಸಿ ಯಂತ್ರಗಳಿರುವ ಚಿಲ್ಲರ್ ರೂಮಿನಲ್ಲಿ ನಿಂತಿದ್ದ. ಯಂತ್ರದ ಸದ್ದಿನ ನೆಪ ಹೇಳಿ ಫೋನಿಟ್ಟ.

ಯಂತ್ರದ ಸದ್ದು ನಿಂತರೆ ಅವನಿಗೆ ಇವತ್ತಿಗೂ ಎದೆ ಧಸಕ್ಕೆನ್ನುತ್ತದೆ. ಅಲ್ಲಿ, ದಕ್ಷಿಣ ಧ್ರುವದ ಕಡೆಯ ಆ ಹಿಮದ ಬಯಲಿನ ಸಂಶೋಧನಾ ಕೇಂದ್ರದಲ್ಲಿ, ಹದಿನೆಂಟು ಜನರ ಉಸಿರು ಅವನ ಮೂರು ಜನರೇಟರುಗಳ ಸದ್ದಿಗೆ ಕಟ್ಟಿಹಾಕಿತ್ತು. ಹಡಗಿಗೂ ಎಣ್ಣೆಬಾವಿಗೂ ಅಡುಗೆಯವರನ್ನೂ ಮೆಕ್ಯಾನಿಕರನ್ನೂ ಕಳಿಸುವ ದುಬೈಯ ಕಂಪನಿಗೆ ಆ ವರ್ಷ ಹೇಗೋ ಧ್ರುವದ ಗುತ್ತಿಗೆಯೂ ಸಿಕ್ಕಿತು. ವಿಜ್ಞಾನಿಗಳು ಯಾವ್ಯಾವುದೋ ದೇಶದವರು, ಕರಾವಳಿಯವರು ಇಬ್ಬರೇ, ಜನರೇಟರಿಗೆ ಬೋಂದೆಲಿನ ಕ್ಯಾಮಿಲಸ್, ಅಡುಗೆಗೆ ಉಳ್ಳಾಲದ ತೌಫೀಕ್. ಇಬ್ಬರಿಗೂ ತುಳು ಬರುತ್ತಿತ್ತು, ಕನ್ನಡ ಬರುತ್ತಿತ್ತು. ಒಬ್ಬನ ಕೊಂಕಣಿಯೂ ಇನ್ನೊಬ್ಬನ ಬ್ಯಾರಿಯೂ ಮನೆಗೆ ಫೋನ್ ಮಾಡಲಿಕ್ಕೆ. ಎರಡು ಗಂಟೆಗೊಮ್ಮೆ ಎಣ್ಣೆಯ ಒತ್ತಡ, ನೀರಿನ ಬಿಸಿ ನೋಡಿ ಪುಸ್ತಕದಲ್ಲಿ ಬರೆಯುವುದು. ಬೆಳಿಗ್ಗೆ ಸರದಿಯ ಮೇಲೆ ಸಲಿಕೆ ಹಿಡಿದು ಹಿಮ ಕಡಿದು ಕರಗಿಸುವ ತೊಟ್ಟಿಗೆ ಹಾಕುವುದು, ಏಕೆಂದರೆ ಸುತ್ತ ಸಾವಿರಾರು ಮೈಲಿ ಹೆಪ್ಪುಗಟ್ಟಿದ ನೀರೇ ಇದ್ದರೂ ಕುಡಿಯಲು ಒಂದು ಲೋಟ ಇಲ್ಲ. ವಾರಕ್ಕೆ ಎರಡು ಸ್ನಾನ, ತಲಾ ಎರಡು ನಿಮಿಷ. ಮೇ ತಿಂಗಳಲ್ಲಿ ಸೂರ್ಯ ಒಂದು ದಿನ ಮುಳುಗಿದವನು ಮತ್ತೆ ಬರಲಿಲ್ಲ. ಹೊತ್ತು ಗೊತ್ತಿಲ್ಲದ ಊರಿನಲ್ಲಿ ನಮಾಜು ಯಾವಾಗ ಮಾಡುವುದೆಂದು ತೌಫೀಕ್ ಎರಡು ದಿನ ಒದ್ದಾಡಿ, ಕೊನೆಗೆ ಕೈಗಡಿಯಾರವನ್ನು ಉಳ್ಳಾಲದ ಹೊತ್ತಿಗೆ ತಿರುಗಿಸಿಕೊಂಡ. "ನಮ್ಮ ಮಸೀದಿಯಲ್ಲಿ ಬಾಂಗ್ ಆಗುವಾಗ ಇಲ್ಲಿ ನಾನು ಚಾಪೆ ಹಾಕ್ತೇನೆ, ಅಷ್ಟೆ. ದೇವರಿಗೆ ಅರ್ಥ ಆಗ್ತದೆ," ಎಂದಿದ್ದ. ಜನರೇಟರ್ ಕೋಣೆ ಇಡೀ ಕೇಂದ್ರದಲ್ಲೇ ಬೆಚ್ಚಗಿನ ಜಾಗ. ತೌಫೀಕ್ ಒದ್ದೆ ಕೈಗವಸು ಒಣಗಿಸುವ ನೆಪದಲ್ಲಿ ಬಂದು, ಸ್ಟೀಲ್ ಲೋಟದಲ್ಲಿ ಶುಂಠಿ ಹಾಕಿದ ಚಹಾ ಇಟ್ಟು, ಮಗಳು ಶಾಲೆಯಲ್ಲಿ ಹೇಳಿದ ಇಂಗ್ಲಿಷ್ ಮಾತುಗಳನ್ನು ಹೇಳಿ ನಗುತ್ತಿದ್ದ. ಕ್ಯಾಮಿಲಸನಿಗೆ ಮಕ್ಕಳಿಲ್ಲ. ಆ ಮಾತುಗಳು ಅವನಿಗೂ ಬಾಯಿಪಾಠವಾಗಿದ್ದವು.

ಬಸ್ಸು ಘಂಟೂತ್ ದಾಟಿತ್ತು. ಹೊರಗೆ ಆಗಸ್ಟಿನ ಬಿಳಿ ಬಿಸಿಲು. ಮರಳೂ ಆಕಾಶವೂ ಒಂದೇ ಬಣ್ಣ, ನಡುವೆ ಗೆರೆಯಿಲ್ಲ. ಅಲ್ಲಿಯೂ ಹೀಗೆಯೇ ಗೆರೆಯಿರುತ್ತಿರಲಿಲ್ಲ. ಅದಕ್ಕೇ ಆ ಹಲಗೆ. ಹೊರಬಾಗಿಲ ಒಳಗಡೆ, ಬೂಟು ಬಿಚ್ಚುವ ಚಿಕ್ಕ ಕೋಣೆಯ ಗೋಡೆಯ ಮೇಲೆ, ಹದಿನೆಂಟು ಮೊಳೆಗೆ ಹದಿನೆಂಟು ಬಿಲ್ಲೆ. ಒಂದು ಮುಖ ಹಸಿರು, ಇನ್ನೊಂದು ಮುಖ ಕೆಂಪು, ಎರಡರ ಮೇಲೂ ಹೆಸರು. ಒಳಗಿದ್ದರೆ ಹಸಿರು. ಹತ್ತು ಹೆಜ್ಜೆಯಾದರೂ ಸರಿ, ಹೊರಗೆ ಹೋಗುವವನು ತನ್ನದನ್ನು ಕೆಂಪಿಗೆ ತಿರುಗಿಸಬೇಕು, ಬಂದವನು ಹಸಿರಿಗೆ. ಹಲಗೆಯ ತಲೆಯ ಮೇಲೆ ಎರಡೇ ನಿಯಮ ಬರೆದಿತ್ತು. ಒಂದು, ತಿರುಗಿಸದೆ ಹೋಗಬೇಡ. ಎರಡು, ಇನ್ನೊಬ್ಬನ ಬಿಲ್ಲೆ ಮುಟ್ಟಬೇಡ. ಮೊದಲನೆಯದು ಎಲ್ಲರಿಗೂ ಅರ್ಥವಾಗುವಂಥದು. ಎರಡನೆಯದು ಯಾಕೆಂದು ಕ್ಯಾಮಿಲಸ್ ಒಂದು ದಿನವೂ ಯೋಚಿಸಿರಲಿಲ್ಲ. ಮನೆಯಲ್ಲಿ ಚಪ್ಪಲಿ ಮಗುಚಿ ಬಿದ್ದರೆ ಯಾರದಾದರೇನು, ಸರಿ ಮಾಡಿ ಇಡುವುದಿಲ್ಲವೇ? ಅಂಥ ಮನೆಯಲ್ಲಿ ಬೆಳೆದವನು ಅವನು.

ತೌಫೀಕ್ ಒಳಗೆ ಬಂದಮೇಲೆ ಹಸಿರಿಗೆ ತಿರುಗಿಸುವುದನ್ನು ಎರಡು ಸಲ ಮರೆತಿದ್ದ. ಎರಡನೆಯ ಸಲ ಕೇಂದ್ರದ ಲೀಡರ್ ಸೈರನ್ ಹಾಕಿಸಿ, ನಿದ್ದೆಯಲ್ಲಿದ್ದವರನ್ನೂ ಎಬ್ಬಿಸಿ, ನಾಲ್ವರಿಗೆ ಹಗ್ಗ ಕಟ್ಟಿ ಹೊರಗೆ ಕಳಿಸುವಷ್ಟರಲ್ಲಿ ತೌಫೀಕ್ ಅಡುಗೆಮನೆಯಿಂದ ಈರುಳ್ಳಿ ಹಿಡಿದುಕೊಂಡು ಬಂದು "ವಾಟ್ ಹ್ಯಾಪನ್?" ಎಂದು ಕೇಳಿದ್ದ. ಎತ್ತರದ ಮನುಷ್ಯ ಲೀಡರ್, ಕೂಗಾಡುವವನಲ್ಲ. ರಾತ್ರಿ ಊಟಕ್ಕೆ ಎಲ್ಲರೂ ಕುಳಿತಾಗ ತೌಫೀಕನನ್ನು ಎದ್ದು ನಿಲ್ಲಿಸಿ, ಆ ಎರಡು ನಿಯಮಗಳನ್ನು ಗಟ್ಟಿಯಾಗಿ ಮೂರು ಸಲ ಓದಿಸಿದ. ಓದುವಾಗ ತೌಫೀಕನ ಇಂಗ್ಲಿಷ್ ತಡವರಿಸಿತು, ಯಾರೋ ಮೂಗಿನಲ್ಲಿ ನಕ್ಕರು. ಕ್ಯಾಮಿಲಸ್ ತಟ್ಟೆ ನೋಡುತ್ತ ಕುಳಿತಿದ್ದ. ಅವಮಾನ ತೌಫೀಕನದು, ಆದರೆ ಕಿವಿ ಬಿಸಿಯಾದದ್ದು ಅವನದು. ನಮ್ಮವನನ್ನು ಹೀಗೆ ಎಲ್ಲರೆದುರು ಶಾಲೆಯ ಹುಡುಗನ ಹಾಗೆ ನಿಲ್ಲಿಸಿದರಲ್ಲ ಎಂದು. ಇನ್ನೊಮ್ಮೆ ಹೀಗಾಗಲು ಬಿಡಬಾರದು ಎಂದು ಆ ರಾತ್ರಿ ಅವನು ನಿಜವಾಗಿಯೂ ಅಂದುಕೊಂಡಿದ್ದ.

ಹದಿನೇಳು ದಿನದ ಮೇಲೆ, ಜುಲೈಯ ಒಂದು ಮಧ್ಯಾಹ್ನ ಮೂರಕ್ಕೆ, ಎಣ್ಣೆಯ ಟ್ಯಾಂಕ್ ನೋಡಿ ಒಳಗೆ ಬಂದ ಕ್ಯಾಮಿಲಸ್ ತನ್ನ ಬಿಲ್ಲೆಯನ್ನು ಹಸಿರಿಗೆ ತಿರುಗಿಸಿದ. ಪಕ್ಕದಲ್ಲಿ ತೌಫೀಕನದು ಕೆಂಪಾಗಿತ್ತು. ಕೆಳಗೆ ಬೂಟಿನ ಗೂಡು ನೋಡಿದ: ತೌಫೀಕನ ಹೆಸರಿನ ಗೂಡಿನಲ್ಲಿ ತೌಫೀಕನ ಬೂಟು ಇದೆ. ಬೂಟಿಲ್ಲದೆ ಆ ಹಿಮಕ್ಕೆ ಯಾರು ಇಳಿಯುತ್ತಾರೆ? ಬಂದಿದ್ದಾನೆ, ಮತ್ತೆ ಮರೆತಿದ್ದಾನೆ ಪುಣ್ಯಾತ್ಮ. ಮೆಟ್ಟಿಲಿನ ಮೇಲೆ ಲೀಡರನ ಹೆಜ್ಜೆ ಸದ್ದು ಕೇಳಿಸಿತು. ಕ್ಯಾಮಿಲಸ್ ಎರಡು ಬೆರಳಿನಲ್ಲಿ ತೌಫೀಕನ ಬಿಲ್ಲೆಯನ್ನು ಹಸಿರಿಗೆ ತಿರುಗಿಸಿ, ಕೈಗವಸು ಕೊಡವುತ್ತ ಒಳಗೆ ಹೋದ. ಒಂದು ಒಳ್ಳೆಯ ಕೆಲಸ ಮಾಡಿದ ಸಂತೋಷವೂ ಇತ್ತು. ಆ ಸಂತೋಷದಲ್ಲೇ ಒಂದಿಷ್ಟು ಹೊತ್ತು ಅಡ್ಡಾಗಿ ನಿದ್ದೆ ಹೋದದ್ದು ಈಗ ಅವನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತದೆ. ಅರ್ಧ ಗಂಟೆಗೆ ಗಾಳಿ ಎದ್ದಿತು. ಲೀಡರ್ ಹಲಗೆ ನೋಡಿದ, ಹದಿನೆಂಟೂ ಹಸಿರು. ಬಾಗಿಲಿಗೆ ಅಗುಳಿ ಹಾಕಿಸಿದ. ತೌಫೀಕ್ ನೂರು ಮೀಟರ್ ಆಚೆ, ಮೀನು ಮಾಂಸ ಇಡುವ ಕಂಟೇನರಿನಲ್ಲಿದ್ದ. ಅಷ್ಟು ಹತ್ತಿರಕ್ಕೆ ವಾಕಿಟಾಕಿ ಒಯ್ಯುವ ರೂಢಿ ಆಗ ಇರಲಿಲ್ಲ. ಮಂಜುಗಟ್ಟಿದ ಚಿಲಕ ಬಿಡಿಸಲು ಬಲಗೈಯ ಗವಸು ತೆಗೆದಿದ್ದಾನೆ, ಗಾಳಿ ಗವಸನ್ನು ಒಯ್ದಿದೆ, ದಾರಿಗೆಂದು ಕಟ್ಟಿದ್ದ ಕಣ್ಣೆದುರಿನ ಹಗ್ಗವೂ ಕಾಣದಾದಾಗ ಒಳಗೇ ಕುಳಿತಿದ್ದಾನೆ. ಹೇಗೂ ಬಿಲ್ಲೆ ಕೆಂಪಗಿದೆ, ಹುಡುಕಿಕೊಂಡು ಬರುತ್ತಾರೆ ಎಂದು ಕಾದಿದ್ದಾನೆ. ಮೂರು ಗಂಟೆಗಳ ಕಾಲ.

ಆರೂವರೆಗೆ ಊಟಕ್ಕೆ ಬಂದವರಿಗೆ ಅಡುಗೆಮನೆಯ ದೀಪ ಆರಿದ್ದು ಕಂಡಿತು. ಮೊದಲು ಹಗ್ಗ ಕಟ್ಟಿಕೊಂಡು ಹೊರಟವನು ಕ್ಯಾಮಿಲಸನೇ, ಯಾರೂ ಹೇಳಿರಲಿಲ್ಲ. ಟಾರ್ಚಿನ ಬೆಳಕು ಮೊದಲು ಬಿದ್ದದ್ದು ತೌಫೀಕನ ಕಾಲಿನ ಮೇಲೆ. ಉಗ್ರಾಣದ ಬೂಟು, ಯಾರದೂ ಅಲ್ಲದ್ದು, ಒಂದು ಅಳತೆ ದೊಡ್ಡದು. ಅದನ್ನು ನೋಡಿದ ಕ್ಷಣ ಅವನಿಗೆ ಎಲ್ಲವೂ ತಿಳಿಯಿತು. ಹೆಗಲ ಮೇಲೆ ಹೊತ್ತು ತಂದ. ತೌಫೀಕನ ಬಲಗೈಯ ಮೂರು ಬೆರಳು ಉಳಿಯಲಿಲ್ಲ. ಮೂರನೆಯ ದಿನ ಲೀಡರ್ ಎಲ್ಲರನ್ನೂ ಕೂರಿಸಿ, ಈ ಬಿಲ್ಲೆಯನ್ನು ಯಾರಾದರೂ ಮುಟ್ಟಿದ್ದೀರಾ ಎಂದು ಕೇಳಿದ. ಮುಂದಿನ ವಿಮಾನ ನವೆಂಬರಿಗೆ. ಅಲ್ಲಿಯವರೆಗೆ ಅದೇ ಮೇಜು, ಅದೇ ಹದಿನೇಳು ಮುಖ. ಎದ್ದು ಹೋಗಲು ಬೀದಿಯಿಲ್ಲ, ಬಾಗಿಲು ಹಾಕಿಕೊಂಡು ಕೂರಲು ಮನೆಯಿಲ್ಲ. ಕ್ಯಾಮಿಲಸನ ನಾಲಗೆ ಅಂಗುಳಕ್ಕೆ ಅಂಟಿತು. ಆಗ ಹಾಸಿಗೆಯಲ್ಲಿ ಔಷಧದ ಮಂಪರಿನಲ್ಲಿದ್ದ ತೌಫೀಕ್, "ನಾನೇ ಮರ್ತಿರಬೇಕು. ನನಗೆ ಮರೆವು ಜಾಸ್ತಿ," ಎಂದ ಎಂದು ಡಾಕ್ಟರ್ ಬಂದು ಹೇಳಿದ. ಕ್ಯಾಮಿಲಸನಿಗೆ ಆದದ್ದು ಹಗುರ. ಅದನ್ನು ಬೇರೆ ಯಾವ ಹೆಸರಿನಿಂದಲೂ ಕರೆಯಲು ಆಗುವುದಿಲ್ಲ. ನವೆಂಬರ್ ಬರುವಷ್ಟರಲ್ಲಿ ತೌಫೀಕನ ಬಾಯಲ್ಲಿ 'ಮರೆತಿರಬೇಕು' ಎಂಬುದು 'ಮರೆತೆ' ಎಂದಾಗಿತ್ತು.

ದುಬೈಯಲ್ಲಿ ತೌಫೀಕ್ ಇರುವ ಇಂಟರ್‌ನ್ಯಾಷನಲ್ ಸಿಟಿಯ ಪರ್ಷಿಯಾ ಕ್ಲಸ್ಟರಿನಲ್ಲಿ ಬಸ್ಸಿಳಿದಾಗ ಒಂದು ಗಂಟೆ. ಎಲ್ಲ ಕಟ್ಟಡಗಳೂ ಒಂದೇ ಅಚ್ಚಿನವು. ಬಾಲ್ಕನಿಗಳಲ್ಲಿ ಬ್ಯಾಚುಲರ್‌ಗಳ ಲುಂಗಿ, ಮಕ್ಕಳ ಸೈಕಲ್ಲು, ಅಡುಗೆಯ ಗ್ಯಾಸ್ ಸಿಲಿಂಡರು. ಬಾಗಿಲ ಗಂಟೆ ಒತ್ತುವ ಮೊದಲು ಅವನು ಕರವಸ್ತ್ರದಿಂದ ಮುಖ ಒರೆಸಿಕೊಂಡ. ಇವತ್ತು ಹೇಳುತ್ತೇನೆ. ಊಟಕ್ಕೆ ಮೊದಲೇ ಹೇಳುತ್ತೇನೆ. ಅವರ ಅನ್ನ ಉಂಡಮೇಲೆ ಹೇಳುವುದು ಹೇಸಿಗೆ. ಬಾಗಿಲು ತೆರೆದದ್ದು ತೌಫೀಕನ ಮಗಳು, ಎಂಟು ವರ್ಷದ ಸಫೀನಾ. ಅವಳ ಹಿಂದೆ ಗೋಡೆಯ ಮೇಲೆ, ಬೀಗದ ಕೈ ತೂಗುಹಾಕುವಲ್ಲಿ, ಒಂದು ಹಲಗೆ. ನಾಲ್ಕು ಮೊಳೆ, ನಾಲ್ಕು ಬಿಲ್ಲೆ. ರಟ್ಟು ಕತ್ತರಿಸಿ ಬಣ್ಣ ಬಳಿದದ್ದು. ಪಪ್ಪ, ಮಮ್ಮ, ಸಫೀನಾ, ಗೆಸ್ಟ್.

"ಅಂಕಲ್, ಟರ್ನ್ ಯುವರ್ ಟ್ಯಾಗ್," ಎಂದಳು ಹುಡುಗಿ. "ಗೆಸ್ಟ್ ನಿಮ್ದು. ಗ್ರೀನ್ ಈಸ್ ಇನ್."

"ನೀನೇ ತಿರ್ಗಿಸು ಮಗಾ."

"ನೋ! ಬೇರೆಯವರ್ದು ಮುಟ್ಲಿಕ್ಕಿಲ್ಲ. ಪಪ್ಪನ ರೂಲ್."

ಅವನು ಬರ್ಫಿಯ ಡಬ್ಬಿಯನ್ನು ಎಡಗೈಗೆ ಬದಲಾಯಿಸಿ ತಿರುಗಿಸಿದ. ತೌಫೀಕ್ ಒಳಗಿನಿಂದ ನಗುತ್ತ ಬಂದು ಎಡಗೈ ಚಾಚಿದ. ಬಲಗೈ ಜುಬ್ಬದ ಜೇಬಿನಲ್ಲಿತ್ತು. "ಹೆದರಿದ್ರಾ ಅಣ್ಣ? ನನ್ನ ಮದ್ದು ಅದು. ತಲೆಯನ್ನು ನಂಬ್ಲಿಕ್ಕೆ ಆಗದಿದ್ದವ ಹಲಗೆಯನ್ನು ನಂಬ್ಬೇಕು," ಎಂದ. ಮಿಸ್ರಿಯಾ ತಲೆಯ ಶಾಲು ಸರಿಮಾಡಿಕೊಳ್ಳುತ್ತ ಅಡುಗೆಮನೆಯ ಬಾಗಿಲಿಗೆ ಬಂದು, "ಬನ್ನಿ ಅಣ್ಣ, ಕೂತ್ಕೊಳ್ಳಿ. ಎರಡು ವರ್ಷ ಆಯ್ತು, ಒಂದು ಸಲ ಬರ್ಲಿಲ್ಲ ನೀವು. ಪೆರ್ನಾಲ್ ಹಬ್ಬಕ್ಕೆ ಫೋನ್ ಮಾಡಿದ್ರೆ ಆಯ್ತಾ?" ಎಂದು ಆಕ್ಷೇಪಿಸಿ, ಮಗಳಿಗೆ, "ಇವರೇ ಪಪ್ಪನನ್ನು ಹೊತ್ತು ತಂದವರು, ಗೊತ್ತುಂಟಾ?" ಎಂದಳು. ಹುಡುಗಿ ಅವನ ಹೆಗಲನ್ನೇ ನೋಡಿದಳು, ಅಳತೆ ಹಾಕುವ ಹಾಗೆ.

ಊಟಕ್ಕೆ ಮೊದಲು ಹೇಳಲಾಗಲಿಲ್ಲ. ತುಪ್ಪದನ್ನ, ಕೋಳಿ ಸಾರು, ನೀರುಳ್ಳಿಯ ಕಚಂಬರ್ ಎಲ್ಲ ಆಗಲೇ ಮೇಜಿನ ಮೇಲಿತ್ತು. ತೌಫೀಕ್ ಎಡಗೈಯಲ್ಲಿ ಉಣ್ಣಲಾರ. ಚಮಚವನ್ನು ಬಲಗೈಯ ಹೆಬ್ಬೆರಳಿಗೂ ಉಳಿದ ಕಿರುಬೆರಳಿಗೂ ನಡುವೆ ಸಿಕ್ಕಿಸಿಕೊಂಡು ತಿನ್ನುತ್ತಿದ್ದ. ಕ್ಯಾಮಿಲಸ್ ನೋಡದ ಹಾಗೆ ನೋಡಿದ. ಈ ಕೈ ಹದಿನೆಂಟು ಜನಕ್ಕೆ ಪರೋಟ ತಟ್ಟುತ್ತಿತ್ತು. ಆದರೆ ಕೈಗಿಂತ ಅವನನ್ನು ಕೊರೆದದ್ದು ಬೇರೆ. ಎರಡು ತುತ್ತು ತಿಂದು ತೌಫೀಕ್ ಎದ್ದು ಅಡುಗೆಮನೆಗೆ ಹೋಗಿ ಬಂದ. ಮತ್ತೆ ನಾಲ್ಕು ತುತ್ತಿಗೆ ಎದ್ದ. ಮಿಸ್ರಿಯಾ ಸಾರು ಬಡಿಸುತ್ತ ಸಣ್ಣ ದನಿಯಲ್ಲಿ, "ಗ್ಯಾಸ್ ನೋಡ್ಲಿಕ್ಕೆ. ನಾನೇ ಆಫ್ ಮಾಡಿದ್ದು ಅಂದ್ರೂ ಕೇಳುದಿಲ್ಲ. ಹೊರಗೆ ಹೋದ್ರೆ ಲಿಫ್ಟಿನಿಂದ ಮೂರು ಸಲ ವಾಪಸ್ ಬರ್ತಾರೆ, ಬಾಗಿಲು ಹಾಕಿದ್ದೇನಾ ಅಂತ. ಮಗಳ ಕೈ ಹಿಡ್ದು ರಸ್ತೆ ದಾಟ್ಲಿಕ್ಕೆ ಒಪ್ಪುದಿಲ್ಲ, ಅಣ್ಣ. ನಡುವಲ್ಲಿ ಬಿಟ್ಟುಬಿಟ್ರೆ ಅಂತ ಹೆದ್ರಿಕೆ. ಈ ಕೆಲಸ ಒಂದು ಆದ್ರೆ ಸ್ವಲ್ಪ ಧೈರ್ಯ ಬಂದೀತು," ಎಂದಳು. ಬೆರಳು ಹೋದದ್ದರ ಲೆಕ್ಕವನ್ನು ಅವನು ಎರಡು ವರ್ಷದಿಂದ ಗಾಳಿಯ ಮೇಲೆ, ಚಿಲಕದ ಮೇಲೆ, ಹಣೆಬರಹದ ಮೇಲೆ ಹಾಕಿಕೊಂಡು ಹೇಗೋ ಉಸಿರಾಡಿದ್ದ. ಇದನ್ನು ಯಾರ ಮೇಲೆ ಹಾಕುವುದು? ತನ್ನ ತಲೆ ತನಗೆ ದ್ರೋಹ ಮಾಡುತ್ತದೆ ಎಂದು ನಂಬಿದ ಈ ಮನುಷ್ಯನ ತಲೆ ಸರಿಯಾಗಿಯೇ ಇದೆ. ಅದು ಲೋಕದಲ್ಲಿ ಒಬ್ಬನಿಗೆ ಗೊತ್ತು, ಆ ಒಬ್ಬ ಕೋಳಿ ಸಾರು ಉಣ್ಣುತ್ತಿದ್ದಾನೆ.

ತಟ್ಟೆ ತೆಗೆದು, ಮೇಜು ಒರೆಸಿ, ತೌಫೀಕ್ ಪ್ಲಾಸ್ಟಿಕ್ ಹಾಳೆಯೊಳಗಿಂದ ಕಾಗದ ತೆಗೆದಿಟ್ಟ. ಆ ವಾಕ್ಯ ಮಧ್ಯದಲ್ಲಿತ್ತು. ಕ್ಯಾಮಿಲಸ್ ಪೆನ್ನಿನ ಮುಚ್ಚಳ ತೆಗೆದ, ಮತ್ತೆ ಹಾಕಿದ.

"ತೌಫೀಕ್, ಇದು ಸರಿ ಇಲ್ಲ," ಎಂದ.

"ಸ್ಪೆಲ್ಲಿಂಗಾ?"

"ಅಲ್ಲ ಮಾರಾಯ. ನೀನು ಬಿಲ್ಲೆ ಮರ್ತದ್ದಲ್ಲ. ನೀನು ಕೆಂಪು ಮಾಡಿಯೇ ಹೋಗಿದ್ದಿ. ನಾನು ಅದನ್ನು ಹಸಿರು ಮಾಡಿದ್ದು."

ಹೇಳಿಯಾಯಿತು. ಎರಡು ವರ್ಷ ನುಂಗಿಕೊಂಡದ್ದು ಇಷ್ಟು ಸಣ್ಣ ಮಾತೇ ಎಂದು ಅವನಿಗೇ ಆಶ್ಚರ್ಯವಾಯಿತು. ತೌಫೀಕ್ ಅವನ ಮುಖವನ್ನು ನೋಡಿದ. ನೋಡನೋಡುತ್ತ ಅವನ ಕಣ್ಣು ತುಂಬಿತು. ಆಮೇಲೆ ಎಡಗೈಯನ್ನು ಕ್ಯಾಮಿಲಸನ ಕೈಯ ಮೇಲಿಟ್ಟು, ತಲೆ ಅಲ್ಲಾಡಿಸಿ, "ಬೇಡ ಅಣ್ಣ," ಎಂದ. "ಎಂಥ ಜನ ನೀವು! ಹೊತ್ತು ತಂದದ್ದು ಸಾಲ್ಲಿಲ್ಲ ಅಂತ ಇದನ್ನೂ ನಿಮ್ಮ ತಲೆಯ ಮೇಲೆ ಹಾಕ್ಕೊಳ್ತೀರಾ? ನನಗೆ ಕೆಲಸ ಸಿಗ್ಲಿಕ್ಕೆ?"

"ಅಲ್ಲ, ನಿಜ ಹೇಳ್ತಿದ್ದೇನೆ. ನಾನು ನಿನ್ನ ಬೂಟ್ಸ್…"

"ಅಣ್ಣ, ಸಾಕು," ಎಂದಳು ಮಿಸ್ರಿಯಾ. ಅವಳೂ ಅಳುತ್ತಿದ್ದಳು. "ನಮಗಾಗಿ ಸುಳ್ಳು ಹೇಳ್ಬೇಡಿ. ನಿಮ್ಮ ಹೆಸರು ಹಾಳು ಮಾಡಿ ಬರುವ ಅನ್ನ ನಮಗೆ ಹರಾಮು."

"ನನಗೆ ಸರಿಯಾಗಿ ನೆನಪುಂಟು," ಎಂದ ತೌಫೀಕ್. "ಕಣ್ಣು ಮುಚ್ಚಿದ್ರೆ ಈಗಲೂ ಕಾಣ್ತದೆ. ಕೈಯಲ್ಲಿ ಖಾಲಿ ಬುಟ್ಟಿ ಉಂಟು, ಹಲಗೆ ಮುಂದೆ ಹೋಗ್ತೇನೆ, ಕೈ ಮೇಲೆ ಹೋಗುದಿಲ್ಲ. ದಿನಾಲೂ ಕಾಣ್ತದೆ ಅಣ್ಣ." ಇಲ್ಲದ ನೆನಪನ್ನು ಅವನು ಎಷ್ಟು ಸಲ ತಿಕ್ಕಿ ತಿಕ್ಕಿ ಹೊಳೆಯಿಸಿದ್ದನೋ! ಕ್ಯಾಮಿಲಸ್ ಮತ್ತೆ ಬಾಯಿ ತೆರೆದ. ಗಂಡ ಹೆಂಡತಿ ಇಬ್ಬರೂ ಅವನನ್ನು ದೇವಮಾನವನನ್ನು ನೋಡುವ ಹಾಗೆ ನೋಡುತ್ತಿದ್ದರು, ಮತ್ತು ಥೂ, ಆ ನೋಟ ಅವನಿಗೆ ಹಿತವಾಗಿತ್ತು. ಹೇಳಿದ್ದೇನೆ, ಅವರು ನಂಬದಿದ್ದರೆ ನಾನೇನು ಮಾಡಲಿ ಎಂದು ಅವನ ಮನಸ್ಸಿನೊಳಗೆ ಯಾರೋ ಚಾಪೆ ಸುತ್ತಿಕೊಂಡು ಹೊರಡಲು ಸಿದ್ಧನಾದ. ಪಾದ್ರಿಯ ಕಿವಿಯಲ್ಲಿ ಹೇಳುವುದಕ್ಕಿಂತ ಇದೇನು ಕಡಿಮೆ? ಅವನು ಅಪೊಲೊನಿಯಾಳ ಪೆನ್ನು ತೆರೆದು ಸಹಿ ಹಾಕಿದ. ತನ್ನ ಪೂರ್ತಿ ಹೆಸರು, ಮೊಬೈಲ್ ನಂಬರು, ತಾರೀಖು. ಅಕ್ಷರ ಎಂದಿಗಿಂತ ಚೆನ್ನಾಗಿ ಬಂತು.

ಚಹಾಕ್ಕೆ ನಿಲ್ಲಲಿಲ್ಲ. ಬಸ್ಸಿನ ನೆಪ ಹೇಳಿ, ಚಪ್ಪಲಿಗೆ ಕಾಲು ತೂರಿಸಿ, ಉದ್ದನೆಯ ಕಾರಿಡಾರಿನಲ್ಲಿ ಹೆಚ್ಚುಕಡಿಮೆ ಓಡಿ ಲಿಫ್ಟಿನ ಗುಂಡಿ ಒತ್ತಿದ. ಲಿಫ್ಟು ನೆಲಮಹಡಿಯಲ್ಲಿತ್ತು. ಹಿಂದಿನಿಂದ ಪುಟ್ಟ ಹೆಜ್ಜೆಗಳ ಸದ್ದು.

"ಅಂಕಲ್! ಯೂ ಆರ್ ಸ್ಟಿಲ್ ಇನ್ಸೈಡ್!"

ಬರಿಗಾಲಲ್ಲಿ ಓಡಿಬಂದ ಸಫೀನಾ ಏದುಸಿರು ಬಿಡುತ್ತಿದ್ದಳು. "ಗೆಸ್ಟ್ ಈಸ್ ಗ್ರೀನ್. ನೀವು ತಿರ್ಗಿಸ್ಲಿಲ್ಲ."

"ನೀನೇ ಕೆಂಪು ಮಾಡಿಬಿಡು ಮಗಾ. ನನಗೆ ಬಸ್ಸು ಹೋಗ್ತದೆ."

"ಐ ಕಾಂಟ್. ಬೇರೆಯವರು ತಿರ್ಗಿಸಿದ್ರೆ ಒಳಗೆ ಯಾರು, ಹೊರಗೆ ಯಾರು ಅಂತ ಗೊತ್ತಾಗುದಿಲ್ಲ. ದೆನ್ ಸಮ್‌ವನ್ ವಿಲ್ ಡೈ."

ಎಂಟು ವರ್ಷದ ಹುಡುಗಿ ಎರಡನೆಯ ನಿಯಮದ ಅರ್ಥವನ್ನು ಒಂದೇ ಉಸಿರಿನಲ್ಲಿ ಹೇಳಿಬಿಟ್ಟಿದ್ದಳು. ಕ್ಯಾಮಿಲಸ್ ಅವಳ ಎದುರು ಕುಕ್ಕರಗಾಲಲ್ಲಿ ಕುಳಿತ.

"ನಾನು ನಿನ್ನ ಪಪ್ಪನ ಬಿಲ್ಲೆ ತಿರ್ಗಿಸಿದ್ದೆ," ಎಂದ. "ಅಲ್ಲಿ. ಆ ದಿನ."

ಹುಡುಗಿ ಅಳಲಿಲ್ಲ, ಅವನ ಕೈ ಹಿಡಿಯಲಿಲ್ಲ, ಎಂಥ ಒಳ್ಳೆಯವರು ನೀವು ಎನ್ನಲಿಲ್ಲ. ಹುಬ್ಬು ಗಂಟಿಕ್ಕಿ ಕೇಳಿದಳು: "ದಟ್ ವಾಸ್ ಯೂ? ವೈ?"

"ಬೂಟ್ಸ್ ಅಲ್ಲಿತ್ತು. ಒಳಗೆ ಬಂದಿದ್ದಾನೆ ಅಂತ ಗ್ರಹಿಸಿದೆ. ಒಂದು ಬೂಟ್ಸ್ ಮಗುಚಿ ಬಿದ್ದಿತ್ತು, ಅದರ ಒಳಗಿನ ಉಣ್ಣೆ ಹೊರಗೆ ಎಳ್ದು ಹಾಕಿತ್ತು."

ಸಫೀನಾ ತಿರುಗಿ ಓಡಿದಳು. "ಪಪ್ಪ! ಪಪ್ಪ! ಅಂಕಲ್ ಟಚ್ಡ್ ಯುವರ್ ಟ್ಯಾಗ್!" ಎಂಬ ಕೂಗು ಕಾರಿಡಾರಿನ ಉದ್ದಕ್ಕೂ ಕೇಳಿಸಿತು. ಬಾಗಿಲೊಳಗಿಂದ ಅವಳ ಇಂಗ್ಲಿಷು ಗಡಿಬಿಡಿಯಲ್ಲಿ ಕೇಳುತ್ತಿತ್ತು. ಬೂಟ್ಸ್, ವುಲ್ ಎಂಬ ಶಬ್ದಗಳು ಸ್ಪಷ್ಟವಾಗಿದ್ದವು. ಆಮೇಲೆ ಏನೂ ಕೇಳಿಸಲಿಲ್ಲ. ಲಿಫ್ಟು ಬಂತು, ಬಾಗಿಲು ತೆರೆಯಿತು. ಒಳಗೆ ಯಾರೂ ಇರಲಿಲ್ಲ. ಅದು ಸ್ವಲ್ಪ ಹೊತ್ತು ತೆರೆದೇ ಇದ್ದು ಮುಚ್ಚಿಕೊಂಡಿತು. ಕ್ಯಾಮಿಲಸ್ ಹತ್ತಲಿಲ್ಲ. ಕಂಟೇನರಿನ ಕಡೆ ಹಗ್ಗ ಹಿಡಿದು ನಡೆದದ್ದಕ್ಕಿಂತ ಹೆಚ್ಚು ಕಷ್ಟಪಟ್ಟು ಅವನು ಆ ಹನ್ನೆರಡು ಬಾಗಿಲುಗಳನ್ನು ದಾಟಿ ಹಿಂದೆ ನಡೆದ.

ತೌಫೀಕ್ ಹೊಸ್ತಿಲಲ್ಲಿ ನಿಂತಿದ್ದ. ಕೈಯಲ್ಲಿ ಸಹಿಯಾದ ಕಾಗದ.

"ಯಾವ ಕಾಲಿನದ್ದು?" ಎಂದು ಕೇಳಿದ.

"ಎಡದ್ದು."

"ಉಣ್ಣೆ ನಾನು ಎಲ್ಲಿ ಹಾಕಿದ್ದೆ?"

"ಗೂಡಿನ ಅಂಚಿಗೆ. ಒದ್ದೆ ಇತ್ತು. ಹಳದಿ ಕಲೆ ಇತ್ತು."

"ಸಾರು ಚೆಲ್ಲಿತ್ತು," ಎಂದ ತೌಫೀಕ್, ತನಗೇ ಹೇಳಿಕೊಳ್ಳುವ ಹಾಗೆ. "ಹೊರಡುವಾಗ ಚೆಲ್ಲಿದ್ದು. ಎಳ್ದು ಹಾಕಿ, ಉಗ್ರಾಣದ ಬೂಟ್ಸ್ ಹಾಕ್ಕೊಂಡು ಹೋದದ್ದು. ಅದು ನಾನು ಯಾರಿಗೂ ಹೇಳಿರ್ಲಿಲ್ಲ." ಅವನ ದೃಷ್ಟಿ ಎಲ್ಲಿಯೋ ಇತ್ತು. ಜೇಬಿನಲ್ಲಿದ್ದ ಬಲಗೈ ಹೊರಗೆ ಬಂತು. ಮೆಲ್ಲಗೆ ಗಾಳಿಯಲ್ಲಿ ಮೇಲೆ ಹೋಗಿ, ಹೆಬ್ಬೆರಳೂ ಕಿರುಬೆರಳೂ ಸೇರಿ, ಕಾಣದ ಯಾವುದನ್ನೋ ತಿರುಗಿಸಿದವು. ಹಾಗೆ ತಿರುಗಿಸಿದ ಕೈಯನ್ನು ಅವನು ಬಹಳ ಹೊತ್ತು ನೋಡಿದ. ಆಮೇಲೆ ಹೊಸ್ತಿಲ ಮೇಲೆಯೇ ಕುಳಿತುಬಿಟ್ಟ. ಹೆಂಡತಿಯನ್ನು ಕರೆದು ಬ್ಯಾರಿಯಲ್ಲಿ ಹೇಳಿದ್ದು ಕ್ಯಾಮಿಲಸನಿಗೂ ಅರ್ಥವಾಯಿತು: ನಾನು ಮರೆತಿರಲಿಲ್ಲ, ಮಿಸ್ರಿಯಾ. ನಾನು ಮರೆತಿರಲಿಲ್ಲ. ಅದನ್ನೇ ಮತ್ತೆ ಮತ್ತೆ ಹೇಳಿದ, ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯದ ದನಿಯಲ್ಲಿ. ಮಿಸ್ರಿಯಾ ಬಂದು ಗಂಡನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. ಅವಳು ಕ್ಯಾಮಿಲಸನತ್ತ ಒಂದು ಸಲ ನೋಡಿದಳು. ಕೋಪವಾಗಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅದು ಗುರುತು ಪರಿಚಯವಿಲ್ಲದವರನ್ನು ನೋಡುವ ನೋಟ.

"ಆ ಕಾಗದ ಕೊಡು ತೌಫೀಕ್," ಎಂದ ಕ್ಯಾಮಿಲಸ್. "ನಿಜ ಇದ್ದದ್ದನ್ನು ಬರ್ದು ಕೊಡ್ತೇನೆ. ಕಂಪನಿಗೂ ಬರೀತೇನೆ."

ತೌಫೀಕ್ ಕಾಗದ ಚಾಚಿದ. ಮುಖ ಎತ್ತಲಿಲ್ಲ.

"ಬರ್ದು ಕಳ್ಸಿ," ಎಂದ. "ಈಗ ನೀವು ಹೋಗಿ."

ಅಣ್ಣ ಎನ್ನಲಿಲ್ಲ. ಹದಿಮೂರು ತಿಂಗಳು, ಆಮೇಲೆ ಎರಡು ವರ್ಷ, ಪ್ರತಿ ಮಾತಿನ ತುದಿಗೂ ಇರುತ್ತಿದ್ದ ಆ ಶಬ್ದ ಇರಬೇಕಾಗಿದ್ದ ಜಾಗದಲ್ಲಿ ಇರಲಿಲ್ಲ. ಕ್ಯಾಮಿಲಸ್ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡ. ಹೊರಡಲು ತಿರುಗಿದವನು ಮತ್ತೆ ನಿಂತ. ಹಲಗೆ ಒಳಗಿತ್ತು, ಅವರಿಬ್ಬರ ತಲೆಯ ಮೇಲಿಂದ ಕೈ ಚಾಚಬೇಕು. ಚಾಚಿದ. ಪಪ್ಪ, ಮಮ್ಮ, ಸಫೀನಾ, ಮೂರೂ ಹಸಿರಾಗಿದ್ದವು. ಅವನ ಕೈ ಮೂರನ್ನೂ ದಾಟಿ 'ಗೆಸ್ಟ್' ತೂಗುತ್ತಿದ್ದ ಕೊನೆಯ ಮೊಳೆಯ ಹತ್ತಿರ ಹೋಗುವವರೆಗೂ, ತನ್ನದನ್ನು ಬಿಟ್ಟು ಬೇರೆ ಯಾವುದನ್ನಾದರೂ ಮುಟ್ಟುತ್ತಾನೆಯೇ ಎಂದು ಹುಡುಗಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.